"ಕಾರ್ಡ್ ಸುಟ್ಟೈತಿ ಮೇಡಂ" ಅಂದರೆ ನಂಬಬೇಡಿ

ಲಿನಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ವೈಫೈ ಬರುತ್ತಿಲ್ಲ ಅಂತ ದಾವಣಗೆರೆಯ ಯಾವುದಾದರೂ ಕಂಪ್ಯೂಟರ್ ಅಂಗಡಿಗೆ ಹೊರಟಿದ್ದೀರಾ? ಸ್ವಲ್ಪ ನಿಲ್ಲಿ. ಇದನ್ನು ಓದಿಕೊಂಡು ಹೋಗಿ. ಹೋಗಿ ಬಂದ ಮೇಲೆ ಓದಿದರೆ ನನ್ನ ಹಾಗೆ ಹಲ್ಲು ಕಡಿಯುತ್ತಾ ಕೂರಬೇಕಾಗುತ್ತದೆ.

ಅಂಗಡಿಯ ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಮೊದಲು ಮುಗಿಯಲಿ. ದೊಡ್ಡ ಬೋರ್ಡಿನ, ಯಾವಾಗ ನೋಡಿದರೂ ನಾಲ್ಕು ಜನ ನಿಂತಿರುವ ಅಂಗಡಿ. ಜನ ಬರುತ್ತಾರಲ್ಲ, ಕೆಲಸ ಗೊತ್ತಿರಬೇಕು ಅಂತಲೇ ಹೋದದ್ದು.

ನಾನು ಮನೆಯಲ್ಲೇ ಟೈಪಿಂಗ್, ಡಿಟಿಪಿ ಮಾಡುತ್ತೇನೆ. ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿಯಲ್ಲಿ ಓದುವ ಹುಡುಗ ಹುಡುಗಿಯರ ಪ್ರಬಂಧಗಳೇ ಜಾಸ್ತಿ. ಲ್ಯಾಪ್‌ಟಾಪ್ ಹಳೆಯದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತಿತು, ವಿಂಡೋಸ್ 11 ಈ ಲ್ಯಾಪ್‌ಟಾಪಿಗೆ ಹಿಡಿಸುವುದಿಲ್ಲ. ದೀಪಾವಳಿಗೆ ಬಂದಿದ್ದ ಅಣ್ಣನ ಮಗ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ 22 ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟ. ಲ್ಯಾಪ್‌ಟಾಪ್ ಚುರುಕಾಯಿತು. ಕನ್ನಡ ಟೈಪಿಂಗೂ ಚೆನ್ನಾಗಿ ಕೂತಿತು. ವೈಫೈ ಒಂದೇ ಇಲ್ಲ. ವೈಫೈ ಹಿಡಿಯುವ ಒಳಗಿನ ಕಾರ್ಡ್ ಇದೆ ಅನ್ನುವ ಗುರುತೇ ಕಾಣುತ್ತಿರಲಿಲ್ಲ. ಅವನಿಗೆ ಅದೇ ರಾತ್ರಿ ಬೆಂಗಳೂರಿನ ಬಸ್. "ಅತ್ತೆ, ಸದ್ಯಕ್ಕೆ ಫೋನಿಗೆ ಯುಎಸ್‌ಬಿ ಕೇಬಲ್ ಹಾಕಿ ನೆಟ್ ತಗೋ, ಆಮೇಲೆ ನೋಡೋಣ" ಅಂದು ಹೋದ. ಅವನಿಗೆ ಆಫೀಸು. ನನಗೆ ಪ್ರಬಂಧ ಮುಗಿಸಿಕೊಡುವ ಗಡುವು. ಊರಲ್ಲಿ ಇಷ್ಟೊಂದು ಅಂಗಡಿಗಳಿರುವಾಗ ದೂರ ಇರುವ ಹುಡುಗನನ್ನು ಯಾಕೆ ಕಾಡಿಸಬೇಕು?

ಅಂಗಡಿಯವನು ಲ್ಯಾಪ್‌ಟಾಪ್ ಬೋರಲು ಹಾಕಿದ. ಹಿಂದಿನ ಮುಚ್ಚಳ ಬಿಚ್ಚಿದ. ಮೊಬೈಲ್ ಟಾರ್ಚ್ ಬಿಟ್ಟು ನೋಡಿದ. ಆನ್ ಕೂಡ ಮಾಡಲಿಲ್ಲ, ನೆನಪಿರಲಿ.

"ಕಾರ್ಡ್ ಸುಟ್ಟೈತಿ ಮೇಡಂ."

"ಮೊನ್ನೆ ಮೊನ್ನೆವರೆಗೂ ವಿಂಡೋಸ್‌ನಲ್ಲಿ ಚೆನ್ನಾಗಿ ನಡೀತಿತ್ತಲ್ಲ?"

"ಲಿನಕ್ಸ್ ಹಾಕೀರಲ್ಲ, ಅದಕ್ಕೇ ಸುಟ್ಟೈತಿ. ಲೋಡ್ ಜಾಸ್ತಿ ಬೀಳ್ತೈತಿ."

ಯಾವ ಕಂಪನಿಯ ಕಾರ್ಡ್, ಮಾಡೆಲ್ ಯಾವುದು, ನಮ್ಮ ಹುಡುಗನಿಗೆ ಒಂದು ಸಲ ಕೇಳುತ್ತೇನೆ ಅಂದೆ. "ಸುಟ್ಟಿದ್ದರ ಮಾಡೆಲ್ ತಗೊಂಡು ಏನ್ಮಾಡ್ತೀರಿ ಮೇಡಂ, ಫ್ರೇಮ್ ಹಾಕಿಸ್ತೀರಾ?" ಅಂದ. ಪಕ್ಕದಲ್ಲಿ ಪೆನ್‌ಡ್ರೈವ್ ಕೊಳ್ಳಲು ನಿಂತಿದ್ದವರೆಲ್ಲ ನಕ್ಕರು. ನಾನು ಸುಮ್ಮನೆ ನಿಂತೆ. ಆ ನಗು ಈಗಲೂ ಕಿವಿಯಲ್ಲಿದೆ.

ಆಮೇಲೆ ಒಂದು ಯುಎಸ್‌ಬಿ ವೈಫೈ ಡಾಂಗಲ್, ಅಂದರೆ ಹೊರಗಿನಿಂದ ಸಿಕ್ಕಿಸುವ ಪುಟ್ಟ ಸಾಧನ, ತೆಗೆದ. ಬಾಕ್ಸ್ ಮೇಲೆ ವಿಂಡೋಸ್, ಮ್ಯಾಕ್, ಪಕ್ಕದಲ್ಲಿ ಲಿನಕ್ಸಿನ ಪೆಂಗ್ವಿನ್ ಚಿತ್ರ. "ಇದರೊಳಗೆ ಯಾವ ಚಿಪ್ ಇದೆ?" ಅಂತ ಕೇಳಿದೆ. ಅಷ್ಟು ನನಗೆ ಗೊತ್ತಿತ್ತು, ಅಣ್ಣನ ಮಗ ಹೇಳಿದ್ದ, ಹೆಸರಿನ ಮೇಲೆ ಹೋಗಬೇಡ, ಚಿಪ್ ಕೇಳು ಅಂತ. "ಚಿಪ್ಪು ಗಿಪ್ಪು ಏನೂ ಬ್ಯಾಡ ಮೇಡಂ, 1200 ಸ್ಪೀಡ್ ಐತಿ. ಲಿನಕ್ಸ್ ಅಂತ ಬರೆದೈತಿ ನೋಡ್ರಿ." ಡಾಂಗಲ್‌ಗೆ ₹1,450. ಡ್ರೈವರ್, ಅಂದರೆ ಅದನ್ನು ಓಡಿಸಲು ಬೇಕಾದ ಸಾಫ್ಟ್‌ವೇರ್, ಹಾಕಲು ₹500. ಬಿಲ್ ಕೇಳಿದರೆ ಹಾಳೆಯ ಮೇಲೆ ಪೆನ್ನಿನಲ್ಲಿ ಮೊತ್ತ ಬರೆದುಕೊಟ್ಟ. ಕೆಳಗೆ ಸೀಲು: ಮಾರಿದ ಮಾಲು ವಾಪಸ್ ಇಲ್ಲ.

ಅವರ ಹುಡುಗ ಮೊಬೈಲ್ ನೋಡಿಕೊಂಡು ಏನೇನೋ ಟೈಪ್ ಮಾಡಿದ. ವೈಫೈ ಬಂತು. ಸರಿ, ದುಡ್ಡು ಹೋದರೂ ಕೆಲಸ ಆಯಿತು ಅಂದುಕೊಂಡೆ. ಮಿಂಟ್ ಒಂದು ದಿನ ಅಪ್‌ಡೇಟ್ ಕೇಳಿತು, ಕೊಟ್ಟೆ. ಲ್ಯಾಪ್‌ಟಾಪ್ ಮತ್ತೆ ಆನ್ ಮಾಡಿದರೆ ವೈಫೈ ಮಾಯ. ಡಾಂಗಲ್‌ನ ಲೈಟೂ ಇಲ್ಲ.

ಇದು ಯಾಕಾಯಿತು ಅಂತ ಈಗ ಗೊತ್ತಾಗಿದೆ, ನಿಮಗೂ ಗೊತ್ತಿರಲಿ. ಆ ಡಾಂಗಲ್ ಒಳಗಿರುವುದು ರಿಯಲ್‌ಟೆಕ್‌ನ ಆರ್‌ಟಿಎಲ್8812ಎಯು ಚಿಪ್. ನನ್ನ ಮಿಂಟ್‌ನಲ್ಲಿದ್ದದ್ದು 6.8 ಕರ್ನಲ್. ಕರ್ನಲ್ ಅಂದರೆ ಲಿನಕ್ಸಿನ ತಿರುಳು, ಯಂತ್ರದ ಬಿಡಿಭಾಗಗಳ ಜೊತೆ ಮಾತಾಡುವ ಭಾಗ. ಈ ಚಿಪ್‌ಗೆ ಆ ಕರ್ನಲ್ಲಿನಲ್ಲಿ ಡ್ರೈವರ್ ಇಲ್ಲ. ಹೊರಗಿನಿಂದ ಅದರ ಕೋಡ್ ತಂದು ಕಂಪೈಲ್ ಮಾಡಿ, ಅಂದರೆ ಓಡುವ ರೂಪಕ್ಕೆ ತಿರುಗಿಸಿ, ಕೂರಿಸಬೇಕು. ಹಾಗೆ ಕೂರಿಸಿದ ಡ್ರೈವರ್ ಆ ಒಂದು ಕರ್ನಲ್‌ಗೆ ಮಾತ್ರ. ಹೊಸ ಕರ್ನಲ್ ಬಂದಾಗ ತಾನಾಗಿ ಮತ್ತೆ ಕಂಪೈಲ್ ಆಗಬೇಕು ಅಂದರೆ ಡಿಕೆಎಂಎಸ್ ಅನ್ನುವ ಸಲಕರಣೆಯ ಮೂಲಕ ಹಾಕಬೇಕು. ಆ ಹುಡುಗ ಹಾಗೆ ಹಾಕಿರಲಿಲ್ಲ. ಬಾಕ್ಸ್‌ನ ಪೆಂಗ್ವಿನ್ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಕರ್ನಲ್ 2.6ರಿಂದ 4.4 ಅಂತ ಇದೆ. ಅದು ಎಷ್ಟೋ ವರ್ಷ ಹಳೆಯ ಲಿನಕ್ಸ್. ಇನ್ನೊಂದು ಹೊಟ್ಟೆ ಉರಿಯುವ ಸಂಗತಿ ಕೇಳಿ: 2025ರ ಮಾರ್ಚ್‌ನಲ್ಲಿ ಬಂದ 6.14 ಕರ್ನಲ್‌ನಿಂದ ಈ ಚಿಪ್‌ನ ಡ್ರೈವರ್ ಲಿನಕ್ಸ್ ಒಳಗೇ ಇದೆ. ಮಿಂಟ್‌ನ ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ಆ ಕರ್ನಲ್ ಆರಿಸಿಕೊಳ್ಳುವ ಜಾಗವೂ ಇದೆ. ₹500 ತಗೊಂಡವರಿಗೆ ಇದು ಗೊತ್ತಿರಬೇಕಲ್ವಾ?

ವಾಪಸ್ ಹೋದೆ.

"ಅಪ್‌ಡೇಟ್ ಯಾಕ್ ಮಾಡಿದ್ರಿ? ಮಾಡಬ್ಯಾಡ್ರಿ ಅಂತ ಹೇಳಿದ್ವಿ."

"ನನಗೆ ಯಾವಾಗ ಹೇಳಿದಿರಿ?"

"ಎಲ್ಲಾರಿಗೂ ಹೇಳ್ತೀವಿ ಮೇಡಂ."

ಎಲ್ಲರಿಗೂ ಹೇಳುತ್ತಾರಂತೆ. ನನಗೆ ಹೇಳಿಲ್ಲ, ಆದರೆ ಎಲ್ಲರಿಗೂ ಹೇಳುತ್ತಾರೆ. ಅಪ್‌ಡೇಟ್ ಮಾಡದೆ ಇರಲು ವಿಂಡೋಸ್ 10 ಏನು ಕೆಟ್ಟಿತ್ತು? ಅದನ್ನು ಕೇಳಿದೆ. ಆಗ ಬಂದ ಉತ್ತರ: "ಒಂದ್ ಸಲ ಮನೆಯವ್ರನ್ನ ಕಳಿಸ್ರಿ ಮೇಡಂ, ಅವ್ರಿಗೆ ತಿಳಿಸಿ ಹೇಳ್ತೀನಿ." ನಮ್ಮ ಮನೆಯವರಿಗೆ ಲ್ಯಾಪ್‌ಟಾಪ್ ಆನ್ ಮಾಡುವ ಬಟನ್ ಎಲ್ಲಿದೆ ಅಂತಲೂ ಗೊತ್ತಿಲ್ಲ. ಅವರಿಗೆ ಏನು ತಿಳಿಸಿ ಹೇಳುತ್ತಾನೆ?

ಕೊನೆಗೆ ಬಿಟ್ಟು ಹೋಗಿ, ಸಂಜೆಗೆ ರೆಡಿ ಮಾಡಿಡುತ್ತೇವೆ ಅಂದರು. ಒಳಗಿನ ಫೈಲ್ ಯಾವುದನ್ನೂ ಮುಟ್ಟಬೇಡಿ, ಮಕ್ಕಳ ಪ್ರಬಂಧ ಇದೆ ಅಂತ ಹೇಳಿದೆ. ಹುಡುಗನಿಗೂ ಹೇಳಿದೆ, ಓನರ್‌ಗೂ ಹೇಳಿದೆ. ವಾಟ್ಸಾಪ್‌ನಲ್ಲೂ ಬರೆದು ಕಳಿಸಿದೆ. ಅದಕ್ಕೆ ಹೆಬ್ಬೆರಳು ಎತ್ತಿದ ಚಿತ್ರ ಬಂತು. ಆ ಹೆಬ್ಬೆರಳು ನನ್ನ ಫೋನಲ್ಲಿ ಈಗಲೂ ಇದೆ, ದೂರಿನ ಜೊತೆ ಲಗತ್ತಿಸಿದ್ದೇನೆ.

ಆ ಸಂಜೆ ಆಗಲಿಲ್ಲ. ಮರುದಿನ "ಬರ್ರಿ, ಫುಲ್ ರೆಡಿ ಐತಿ" ಅಂತ ಫೋನ್. ಹೋದೆ. ಲ್ಯಾಪ್‌ಟಾಪ್ ತೆರೆದು ನನ್ನ ಕಡೆ ತಿರುಗಿಸಿದ. ಪರದೆಯ ಮೇಲೆ ವಿಂಡೋಸ್.

ಮಿಂಟ್ ಇಲ್ಲ. ನನ್ನ ಫೋಲ್ಡರ್‌ಗಳು ಇಲ್ಲ. ಡಿಸ್ಕ್ ಖಾಲಿ. ಪೂರ್ತಿ ಫಾರ್ಮ್ಯಾಟ್ ಮಾಡಿ, ಲೈಸೆನ್ಸ್ ಇಲ್ಲದ ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿದ್ದಾರೆ. ಜೊತೆಗೆ ನನಗೆ ಬೇಡದ ಸಾಫ್ಟ್‌ವೇರ್ ಎಲ್ಲ. ಕಾಲು ನಡುಗಿತು, ನಿಜ ಹೇಳುತ್ತೇನೆ. ಬಾಯಿಂದ ಮಾತೇ ಹೊರಡಲಿಲ್ಲ. ಆತ ಖುಷಿಯಿಂದ ಯೂಟ್ಯೂಬ್ ಹಾಕಿ ತೋರಿಸಿದ. "ನೋಡ್ರಿ ಮೇಡಂ, ವೈಫೈ ಹೆಂಗ್ ಓಡ್ತೈತಿ!"

ಓಡುತ್ತಿತ್ತು. ಆಗಲೇ ನನ್ನ ಕಣ್ಣಿಗೆ ಬಿದ್ದದ್ದು. ಯುಎಸ್‌ಬಿ ಜಾಗ ಖಾಲಿ ಇದೆ. ಈ ಕಡೆ ಖಾಲಿ, ಆ ಕಡೆ ಖಾಲಿ. ನನ್ನ ₹1,450ರ ಡಾಂಗಲ್ ಪಕ್ಕದಲ್ಲಿ ಬಾಕ್ಸ್‌ನೊಳಗೆ ಮಲಗಿದೆ.

"ಡಾಂಗಲ್ ಹಾಕಿಲ್ಲವಲ್ಲ. ವೈಫೈ ಯಾವುದರಿಂದ ಬರ್ತಿದೆ?"

"ಒಳಗಿನ ಕಾರ್ಡಿಂದ."

"ಅದು ಸುಟ್ಟಿದೆ ಅಂದಿರಿ."

ಹುಡುಗ ಓನರ್ ಮುಖ ನೋಡಿದ. ಓನರ್ ಕ್ಯಾಲ್ಕ್ಯುಲೇಟರ್ ನೋಡಿದ. ಆಮೇಲೆ ಒಂದು ಮಾತು ಬಂತು, ಅದನ್ನು ಅಕ್ಷರಕ್ಕೆ ಅಕ್ಷರ ಬರೆಯುತ್ತೇನೆ:

"ಅದು ಲಿನಕ್ಸ್‌ಗೆ ಸುಟ್ಟಿತ್ತು ಮೇಡಂ. ವಿಂಡೋಸ್‌ಗೆ ಸರಿ ಐತಿ."

ಒಂದೇ ಬಲ್ಬು ಅಡುಗೆಮನೆಯಲ್ಲಿ ಉರಿದು ಹಾಲ್‌ನಲ್ಲಿ ಮಾತ್ರ ಸುಟ್ಟುಹೋಗಿರುತ್ತದಾ? ಹೀಗೇ ಕೇಳಿದೆ. ಜೋರಾಗಿಯೇ ಕೇಳಿದೆ. ಈ ಸಲ ಯಾರೂ ನಗಲಿಲ್ಲ. ಫೈಲ್‌ಗಳ ಬಗ್ಗೆ ಕೇಳಿದರೆ, "ಬ್ಯಾಕಪ್ ತಗೊಳ್ರಿ ಅಂತ ನೀವು ಹೇಳ್ಬೇಕಿತ್ತು." ಹೆಬ್ಬೆರಳಿನ ಚಿತ್ರ ತೋರಿಸಿದೆ. "ಅದು ಹುಡುಗ ಒತ್ಯಾನ, ಓದಿಲ್ಲ." ಡಾಂಗಲ್ ವಾಪಸ್ ತಗೊಳ್ಳಿ ಅಂದರೆ, "ಸೀಲ್ ಒಡೆದೈತಿ." ಸೀಲ್ ಒಡೆದದ್ದು ಯಾರು? ಅವರೇ! ನನ್ನ ಎದುರಿಗೇ ಬ್ಲೇಡ್ ಹಾಕಿ ಕುಯ್ದರು! ಇಷ್ಟಾದ ಮೇಲೂ ವಿಂಡೋಸ್ ಹಾಕಿದ್ದಕ್ಕೆ ₹600 ಕೇಳಿದರು. ಕೊಡಲಿಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ಬಂದೆ.

ಅವತ್ತು ರಾತ್ರಿ ಅಣ್ಣನ ಮಗ ಫೋನಲ್ಲಿ ಹೇಳಿದ ಮೊದಲ ಮಾತು, "ಅತ್ತೆ, ಅದನ್ನ ಈಗಲೇ ಆಫ್ ಮಾಡು. ಅದರ ಮೇಲೆ ಏನೂ ಬರೀಬೇಡ." ಮಿಂಟ್‌ನ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಶುರು ಮಾಡಿಸಿ, ಫೋಟೋರೆಕ್ ಅನ್ನುವ ಉಚಿತ ಸಾಫ್ಟ್‌ವೇರ್ ಓಡಿಸಿ, ಸಿಕ್ಕದ್ದನ್ನೆಲ್ಲ ಬೇರೆ ಡಿಸ್ಕ್‌ಗೆ ತುಂಬಿಸಿದ. ನಮ್ಮದು ಹಳೆಯ ಹಾರ್ಡ್ ಡಿಸ್ಕ್ ಆದ್ದರಿಂದ ಅಷ್ಟಾದರೂ ಸಿಕ್ಕಿತು. ಆದರೆ ಫೋಟೋರೆಕ್ ಫೈಲ್‌ಗಳ ಹೆಸರು ತರುವುದಿಲ್ಲ. ಎಲ್ಲದಕ್ಕೂ ಬರೀ ನಂಬರ್. ಯಾರದೋ ಮದುವೆ ಪತ್ರಿಕೆ, ಯಾರದೋ ಅರ್ಜಿ, ಅದರ ನಡುವೆ ಪ್ರಬಂಧದ ಒಂದು ಅಧ್ಯಾಯ. ಒಂದೊಂದೇ ತೆರೆದು ನೋಡಬೇಕು. ಒಬ್ಬ ಹುಡುಗಿಯ ಕೊನೆಯ ಅಧ್ಯಾಯ ಸಿಗಲೇ ಇಲ್ಲ. ಅವಳಿಗೆ ಫೋನ್ ಮಾಡುವಾಗ ನನಗೆ ಆದ ನಾಚಿಕೆ ಅಷ್ಟಿಷ್ಟಲ್ಲ. "ಅಕ್ಕಾ, ಕೈಬರಹದ ಪ್ರತಿ ಇದೆ, ಬಿಡಿ" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಇನ್ನೊಂದು ಸಲ ಟೈಪ್ ಮಾಡಿದೆ, ದುಡ್ಡು ತಗೊಳ್ಳಲಿಲ್ಲ. ಆ ದುಡ್ಡನ್ನು ಯಾರು ಕೊಡುತ್ತಾರೆ?

ಇನ್ನು ಆ "ಸುಟ್ಟ" ಕಾರ್ಡ್. ಅದು ಬ್ರಾಡ್‌ಕಾಮ್ ಬಿಸಿಎಂ43142. ಲಿನಕ್ಸ್ ಜೊತೆ ಬರುವ ತೆರೆದ ಬ್ರಾಡ್‌ಕಾಮ್ ಡ್ರೈವರ್‌ಗಳು ಈ ಕಾರ್ಡನ್ನು ಓಡಿಸುವುದಿಲ್ಲ. ಕಂಪನಿಯದೇ ಮುಚ್ಚಿದ ಡ್ರೈವರ್ ಬೇಕು, ಅದಕ್ಕೆ ಡಬ್ಲ್ಯೂಎಲ್ ಅಂತ ಹೆಸರು. ಮಿಂಟ್ ಅದನ್ನು ತಾನಾಗಿ ಹಾಕುವುದಿಲ್ಲ, ನಾವು ಕೇಳಬೇಕು. ಮಿಂಟ್ ಮತ್ತೆ ಹಾಕಿ, ಫೋನಿನ ಕೇಬಲ್‌ನಿಂದ ನೆಟ್ ಕೊಟ್ಟು, ಡ್ರೈವರ್ ಮ್ಯಾನೇಜರ್ ತೆರೆದರೆ ಬ್ರಾಡ್‌ಕಾಮ್ ಹೆಸರು ಅಲ್ಲೇ ಕಾಣಿಸಿತು. ಒತ್ತಿದೆ. ಒಂದು ಪಾಸ್‌ವರ್ಡ್ ಇಡಲು ಹೇಳಿತು, ಇಟ್ಟೆ. ಲ್ಯಾಪ್‌ಟಾಪ್ ಮತ್ತೆ ಶುರುವಾದಾಗ ನೀಲಿ ಪರದೆ ಬಂದು ಅದೇ ಪಾಸ್‌ವರ್ಡ್ ಕೇಳಿತು. ಅದು ಸೆಕ್ಯೂರ್ ಬೂಟ್ (ಒಪ್ಪಿಗೆ ಇಲ್ಲದ ಸಾಫ್ಟ್‌ವೇರ್ ಶುರುವಾಗದಂತೆ ತಡೆಯುವ ಕಾವಲು) ಆನ್ ಇದ್ದರೆ ಬರುವುದು, ಹೆದರಬೇಡಿ. ಗಾಬರಿಯಲ್ಲಿ ದಾಟಿಸಿಬಿಟ್ಟರೆ ಡ್ರೈವರ್ ಇದ್ದೂ ಲೋಡ್ ಆಗುವುದಿಲ್ಲ. ಅಷ್ಟೇ. ವೈಫೈ ಬಂತು. ಒಲೆ ಮೇಲಿಟ್ಟ ಕುಕ್ಕರ್ ಇಳಿಸುವಷ್ಟರಲ್ಲಿ ಮುಗಿಯಿತು. ಒಂದು ರೂಪಾಯಿ ಖರ್ಚಿಲ್ಲ.

ಅದಕ್ಕೇ ಹೇಳುವುದು. ಸುಟ್ಟಿದೆ ಅಂದರೆ ಮೊದಲು ಲ್ಯಾಪ್‌ಟಾಪ್ ಆನ್ ಮಾಡಿಸಿ. ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು ಎಲ್‌ಎಸ್‌ಪಿಸಿಐ (lspci) ಅಂತ ಕೊಟ್ಟರೆ ಕಾರ್ಡಿನ ಹೆಸರು ಬರುತ್ತದೆ. ಹೆಸರು ಬಂತು ಅಂದರೆ ಕಾರ್ಡ್ ಬಹುಮಟ್ಟಿಗೆ ಬದುಕಿದೆ, ಸಾಮಾನ್ಯವಾಗಿ ಸಿಗದಿರುವುದು ಡ್ರೈವರ್. ಡಾಂಗಲ್ ತಗೊಳ್ಳಲೇಬೇಕಾದರೆ ಪೆಂಗ್ವಿನ್ ಚಿತ್ರಕ್ಕೆ ಮರುಳಾಗಬೇಡಿ, ಚಿಪ್ ಕೇಳಿ. ಮೀಡಿಯಾಟೆಕ್‌ನ ಎಂಟಿ7612ಯು, ಎಂಟಿ7921ಎಯು ಚಿಪ್‌ಗಳ ಡ್ರೈವರ್ ಈಗಿನ ಕರ್ನಲ್‌ನೊಳಗೇ ಇದೆ. ಚಿಪ್ ಹೆಸರು ಹೇಳದ ಅಂಗಡಿಯಲ್ಲಿ ಮೌಸ್ ಪ್ಯಾಡ್ ಕೂಡ ಕೊಳ್ಳಬೇಡಿ. ಲ್ಯಾಪ್‌ಟಾಪ್ ಅಂತೂ ಬಿಟ್ಟು ಬರಲೇಬೇಡಿ, ಅವರು ಎಷ್ಟೇ ಹೆಬ್ಬೆರಳು ಎತ್ತಲಿ.

ಬಿಲ್ ವಿಷಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ. ದೋಷ ಇರುವ ಮಾಲನ್ನು ವಾಪಸ್ ತಗೊಳ್ಳಲ್ಲ ಅನ್ನುವುದೂ ಅದೇ. ಬಿಲ್ಲಿನಲ್ಲಿ ಅವಧಿ ಬರೆದಿಲ್ಲದಿದ್ದರೆ 30 ದಿನ ಅಂತ ಕಾಯ್ದೆಯಲ್ಲೇ ಇದೆ. ಸೀಲು ಹೊಡೆದ ಮಾತ್ರಕ್ಕೆ ಕಾಯ್ದೆ ಬದಲಾಗುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ, ಕನ್ನಡದಲ್ಲೇ ಮಾತಾಡಿದರು, ದೂರಿನ ನಂಬರ್ ಬಂತು. ಇದರಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ₹5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ.

ದೂರು ತಲುಪಿದ ಮೇಲೆ ಓನರ್ ತಾನಾಗಿ ಫೋನ್ ಮಾಡಿದ. ಈ ಸಲ ಮನೆಯವರನ್ನು ಕೇಳಲಿಲ್ಲ. "ಮೇಡಂ, ಡಾಂಗಲ್‌ದು ಅರ್ಧ ದುಡ್ಡು ಕೊಡ್ತೀನಿ, ಕಂಪ್ಲೇಂಟ್ ವಾಪಸ್ ತಗೊಂಡ್ಬಿಡ್ರಿ." ಡಾಂಗಲ್‌ದೂ ಡ್ರೈವರ್‌ದೂ ಪೂರ್ತಿ ದುಡ್ಡು ಬೇಕು, ಮಾರಿದ್ದಕ್ಕೆ ಸರಿಯಾದ ಬಿಲ್ಲೂ ಬೇಕು ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದ:

"ಬಿಲ್ ಬೇಕಂದ್ರ 18 ಪರ್ಸೆಂಟ್ ಜಿಎಸ್‌ಟಿ ಆಗ್ತೈತಿ ಮೇಡಂ. ಅದನ್ನ ನೀವೇ ಕೊಡಬೇಕಾಗ್ತೈತಿ."