ಚರ್ಚಿಗೆ ಯಾವ ವಿಮೆ: 5% ಡಿಡಕ್ಟಿಬಲ್ಲೋ, 2% ಡಿಡಕ್ಟಿಬಲ್ಲೋ?

ಅಮೆರಿಕದ ಲೂಯಿಸಿಯಾನಾದಲ್ಲಿ 2020ರ ಲಾರಾ, 2021ರ ಐಡಾ ಚಂಡಮಾರುತಗಳಾದ ಮೇಲೆ ಹತ್ತಕ್ಕೂ ಹೆಚ್ಚು ವಿಮಾ ಕಂಪನಿಗಳು ದಿವಾಳಿಯಾದವು. ಉಳಿದವು ಪ್ರೀಮಿಯಂ ಏರಿಸಿದವು. ಅಲ್ಲಿನ ಚರ್ಚ್ ಸಮಿತಿಯೊಂದರ ಮುಂದೆ ಎರಡು ಪಾಲಿಸಿ ಇವೆ ಅನ್ನಿ.

ಒಂದರಲ್ಲಿ ಪ್ರೀಮಿಯಂ ಕಡಿಮೆ, ಆದರೆ ಚಂಡಮಾರುತದ ಡಿಡಕ್ಟಿಬಲ್, ಅಂದರೆ ಮೊದಲು ನಾವೇ ಹಾಕಬೇಕಾದ ಪಾಲು, 5%. ಇನ್ನೊಂದರಲ್ಲಿ ಪ್ರೀಮಿಯಂ ಜಾಸ್ತಿ, ಡಿಡಕ್ಟಿಬಲ್ 2%. ಐದು ಪರ್ಸೆಂಟ್ ಏನು ಮಹಾ ಅನಿಸುತ್ತದೆ, ಅಲ್ವಾ? ಆದರೆ ಅದು ನಷ್ಟದ 5% ಅಲ್ಲ, ಕಟ್ಟಡಕ್ಕೆ ಮಾಡಿಸಿದ ವಿಮೆ ಮೊತ್ತದ 5%. 20 ಲಕ್ಷ ಡಾಲರ್ ಕಟ್ಟಡವಾದರೆ ಮೊದಲ 1 ಲಕ್ಷ ಚರ್ಚಿನ ತಲೆ ಮೇಲೆ. ಗಾಳಿಗೆ ಚಾವಣಿ ಕಿತ್ತು, ಮರದ ಬೆಂಚು, ಪಿಯಾನೋ ಎಲ್ಲ ನೆನೆದು 90 ಸಾವಿರ ಖರ್ಚು ಬಂದರೆ ಮೊದಲ ಪಾಲಿಸಿಯಲ್ಲಿ ಒಂದು ಡಾಲರೂ ಸಿಗುವುದಿಲ್ಲ. ಎರಡನೆಯದರಲ್ಲಿ 50 ಸಾವಿರ ಸಿಗುತ್ತದೆ.

ಚಾವಣಿಯ ಷರತ್ತನ್ನೂ ಓದಿ. ಸವಕಳಿ ಕಳೆದು ಕೊಡುವ ಪಾಲಿಸಿಯಾದರೆ ಹದಿನೈದು ವರ್ಷದ ಚಾವಣಿಗೆ ಸಿಗುವುದು ಚಿಲ್ಲರೆ ಕಾಸು.

ಪ್ರವಾಹ ಸಾಮಾನ್ಯವಾಗಿ ಎರಡರಲ್ಲೂ ಇರುವುದಿಲ್ಲ. ಸರ್ಕಾರದ ಪ್ರವಾಹ ವಿಮೆ ಬೇರೆ. ಕಟ್ಟಡಕ್ಕೆ ಮಿತಿ 5 ಲಕ್ಷ ಡಾಲರ್.

ಬ್ಯಾಂಕಿನಲ್ಲಿ ಲಕ್ಷ ಡಾಲರ್ ಸುಮ್ನೆ ಕೂತಿದ್ದರೆ ಮೊದಲನೆಯದು ನಡೆಯುತ್ತದೆ. ಭಾನುವಾರದ ಕಾಣಿಕೆಯಲ್ಲೇ ಕರೆಂಟ್ ಬಿಲ್ ಕಟ್ಟುವ ಪುಟ್ಟ ಚರ್ಚಾದರೆ ನನ್ನ ಮತ ಎರಡನೆಯದಕ್ಕೆ. ಯಾರೂ ವಿಮೆ ಕೊಡದಿದ್ದರೆ ಕೊನೆಗೆ ರಾಜ್ಯದ ಲೂಯಿಸಿಯಾನಾ ಸಿಟಿಜನ್ಸ್ ಎಂಬ ವಿಮಾ ಸಂಸ್ಥೆ ಇದೆ, ಅದು ಅಗ್ಗವೇನಲ್ಲ.