ಆಲ್-ಇನ್-ಒನ್ ಬಿಯರ್ ಮಷೀನ್ ಮಾರೋಕೆ ಬಂದ್ರೆ ದುಡ್ಡು ಕೊಡೋ ಮುಂಚೆ ಇದನ್ನ ಓದಿ

ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಹೋಂಸ್ಟೇ ಇಟ್ಕೊಂಡಿರೋರು, ತೋಟದ ಮನೇಲಿ ಕೂತು ಹೊಸದೇನಾದ್ರು ಮಾಡ್ಬೇಕು ಅಂತಿರೋ ಹುಡುಗ್ರು, ಸ್ವಲ್ಪ ಪುರುಸೊತ್ತು ಮಾಡ್ಕೊಂಡು ಓದಿ ಮಾರಾಯ್ರೆ. ಮನೇಲೇ ಬಿಯರ್ ಮಾಡೋ ಕರೆಂಟ್ ಮಷೀನು, ಒಂದೇ ಸ್ಟೀಲ್ ಡ್ರಮ್ಮಲ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ನೆನೆಸಿ, ಸೋಸಿ, ಕುದಿಸಿ, ತಣ್ಣಗೆ ಮಾಡೋದು ಎಲ್ಲಾ ಆಗತ್ತೆ ಅಂತ ಹೇಳ್ಕೊಂಡು ಒಬ್ಬ ಡೀಲರ್ ನಮ್ ಕಡೆ ಓಡಾಡ್ತಿದಾನೆ. ಅವನ ಹೆಸರು ಹಾಕಲ್ಲ, ಊರಿಂದ ಊರಿಗೆ ಅಂಗಡಿ ಹೆಸರೇ ಬದಲಾಗತ್ತೆ, ಹೆಸರು ನೋಡಿ ಹುಷಾರಾಗೋದ್ರಲ್ಲಿ ಅರ್ಥ ಇಲ್ಲ. ಮಷೀನ್ ನೋಡಿ ಹುಷಾರಾಗಿ.

ಶಿವಮೊಗ್ಗದ ಒಂದು ಲಾಡ್ಜ್ ಹಾಲ್‌ನಲ್ಲಿ ಡೆಮೊ ಇಟ್ಟಿದ್ದ, ನಾನು ಮತ್ತೆ ಕೊಪ್ಪದ ನನ್ ಗೆಳೆಯ ಹೋಗಿದ್ವಿ. ದೊಡ್ಡ ಬಣ್ಣದ ಟೇಬಲ್ ಒಂದು ಪ್ರಿಂಟ್ ಮಾಡ್ಸಿದಾನೆ, ನ್ಯೂಜಿಲೆಂಡಿನ ಗ್ರೇನ್‌ಫಾದರ್, ಆಸ್ಟ್ರೇಲಿಯಾದ ಬ್ರೂಜಿಲ್ಲಾ, ಜರ್ಮನಿಯ ಬ್ರೌಮೈಸ್ಟರ್ ಅನ್ನೋ ಬೇರೆ ಮಷೀನ್‌ಗಳನ್ನೆಲ್ಲಾ ಸಾಲಾಗಿ ಇಟ್ಟು ಕೊನೆ ಕಾಲಂನಲ್ಲಿ ತನ್ನ ಮಷೀನ್. ಎಲ್ಲಾ ಸಾಲಲ್ಲೂ ಅದೇ ಗೆದ್ದಿದೆ. 35 ಲೀಟರ್, 2400 ವ್ಯಾಟ್, 304 ಸ್ಟೀಲ್, ಎರಡು ವರ್ಷ ವಾರಂಟಿ, ರೇಟು ಮಾತ್ರ ಉಳಿದವುಗಳ ಅರ್ಧ. ಜೊತೆಗೆ ಬಾಯಲ್ಲಿ ಹೇಳಿದ್ದು ಇನ್ನೂ ಎರಡು ಮಾತು, ಒಂದು ಮನೆ ಇನ್ವರ್ಟರಲ್ಲೂ ಓಡತ್ತೆ ಸರ್, ಇನ್ನೊಂದು ಮನೆ ಮಟ್ಟಿಗೆ ಲೈಸೆನ್ಸ್ ಬೇಡ, ಹೋಂಸ್ಟೇ ಗೆಸ್ಟ್‌ಗಳಿಗೂ ಧಾರಾಳ ಕೊಡಬಹುದು. ಈ ಎರಡನೇ ಮಾತಿಗೇ ಹಾಲಲ್ಲಿ ಅರ್ಧ ಜನ ಅಡ್ವಾನ್ಸ್ ಕೊಟ್ಟಿದ್ದು, ನಾನೂ ಒಂದು ತಗೊಂಡೆ.

ಮೊದಲು ಲೈಸೆನ್ಸ್ ವಿಷ್ಯ ಮುಗಿಸಿಬಿಡ್ತೀನಿ. ನಮ್ ಭಾವ ಶಿವಮೊಗ್ಗ ಕೋರ್ಟಲ್ಲಿ ವಕೀಲರು. ಮಷೀನ್ ಮನೆಗೆ ಬಂದಿದ್ದು ನೋಡಿ, "ಎಂತ ಮಾರಾಯ, ಲೈಸೆನ್ಸ್ ಬೇಡ ಅಂತ ಯಾರು ಹೇಳಿದ್ದು ನಿಂಗೆ, ಈಸ್ಟ್ ಗೀಸ್ಟ್ ಮುಟ್ಟಬೇಡ ಈಗಲೇ ಹೇಳಿದೀನಿ" ಅಂದ್ರು. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರು ಮಾಡೋ ಹಾಗೇ ಇಲ್ಲ, ಮದ್ಯ ಅಂದ್ರೆ ಅದರಲ್ಲಿ ಬಿಯರೂ ಬಂತು. ಗೆಸ್ಟ್‌ಗೆ ಕೊಡೋದು, ಮಾರೋದು ಅಂತೂ ಕೇಳಲೇಬೇಡಿ. ಆ ಡೀಲರ್ ತೋರಿಸೋ ಯೂಟ್ಯೂಬ್ ವಿಡಿಯೋಗಳೆಲ್ಲಾ ಅಮೆರಿಕದ್ದು, ಅಲ್ಲಿ 1978ರಲ್ಲೇ ಕಾನೂನು ಮಾಡಿ ಮನೆಯಲ್ಲಿ ಒಬ್ಬರೇ ದೊಡ್ಡವರಿದ್ರೆ ವರ್ಷಕ್ಕೆ 100 ಗ್ಯಾಲನ್, ಇಬ್ರು ಅಥವಾ ಜಾಸ್ತಿ ಇದ್ರೆ 200 ಗ್ಯಾಲನ್ ಅಂತ ಬಿಟ್ಟಿದಾರೆ, ಅದೂ ಸ್ವಂತಕ್ಕೆ, ಮಾರೋಕೆ ಅಲ್ಲಿ ಕೂಡ ಇಲ್ಲ. ಆ ಕಾನೂನು ತೀರ್ಥಹಳ್ಳಿಗೆ ಬರಲ್ಲ. 2007ರಲ್ಲಿ ಸಾರಾಯಿ ನಿಂತ ಮೇಲೆ ನಮ್ ಕಡೆ ಕಾಡಂಚಲ್ಲಿ ಕಳ್ಳಭಟ್ಟಿ ಹುಡುಕೋದೇ ಅಬಕಾರಿಯವರ ಕೆಲಸ ಆಗಿತ್ತು, ಡಿಸ್‌ಪ್ಲೇ ಇರೋ ಸ್ಟೀಲ್ ಡ್ರಮ್ ಕಂಡ್ರೆ ಅವರು ಇದು ಹಾಬಿ ಪಾಪ ಅಂತ ಬಿಡಲ್ಲ. ಹೋಂಸ್ಟೇ ರಿಜಿಸ್ಟ್ರೇಷನ್ ಮಾಡ್ಸಿರೋರು ಇದನ್ನ ಎರಡು ಸಲ ಓದ್ಕೊಳ್ಳಿ.

ಅದಕ್ಕೇ ನಾನು ಮಷೀನಲ್ಲಿ ಬರೀ ನೀರು ಕುದಿಸಿ ನೋಡಿದೆ, ಆಮೇಲೆ ಮಾಲ್ಟ್ ಹಾಕಿ ಈಸ್ಟ್ ಇಲ್ಲದೆ ಸಿಹಿ ರಸ, ಅದಕ್ಕೆ ವರ್ಟ್ ಅಂತಾರೆ, ಅಷ್ಟು ತೆಗೆದು ನೋಡಿದೆ. ರಸದ ಸಕ್ಕರೆನ ಮದ್ಯ ಮಾಡೋದು ಈಸ್ಟ್, ಅದು ಬೀಳೋ ತನಕ ಇದು ಬಾರ್ಲಿ ಪಾನಕ ಅಷ್ಟೇ. ಮಷೀನಿನ ಬಂಡವಾಳ ಅಷ್ಟರಲ್ಲೇ ಗೊತ್ತಾಯ್ತು.

ವ್ಯಾಟ್ ಲೆಕ್ಕದಿಂದ ಶುರು ಮಾಡ್ತೀನಿ, ಜಾಸ್ತಿ ಜನ ಎಡವೋದು ಅಲ್ಲೇ. ಬ್ರೂಜಿಲ್ಲಾ 35 ಲೀಟರ್ ಮಷೀನು 2400 ವ್ಯಾಟ್ ಯಾಕೆ? ಆಸ್ಟ್ರೇಲಿಯಾದ ಮನೆ ಸಾಕೆಟ್ 10 ಆಂಪ್, ಅಲ್ಲಿ ಹಿಂದಿನಿಂದ ಬಂದ ಲೆಕ್ಕ 240 ವೋಲ್ಟ್, ಗುಣಿಸಿದ್ರೆ ಸರಿಯಾಗಿ 2400. ಅಮೆರಿಕದ ಮಷೀನ್‌ಗಳು 1500, 1600 ವ್ಯಾಟಿಗೆ ನಿಲ್ಲೋದು ಯಾಕಂದ್ರೆ ಅಲ್ಲಿ 120 ವೋಲ್ಟು, 15 ಆಂಪ್ ಲೈನ್‌ನಲ್ಲಿ ಪೂರ್ತಿ ಲೆಕ್ಕ ಹಾಕಿದ್ರೂ 1800 ವ್ಯಾಟ್ ಮೀರೋ ಹಾಗಿಲ್ಲ. ಅಂದ್ರೆ ಒಂದೊಂದು ಮಷೀನೂ ಅದರ ಊರಿನ ಗೋಡೆ ಸಾಕೆಟ್ ನೋಡ್ಕೊಂಡು ಹುಟ್ಟಿದ್ದು. ಅದನ್ನ ತಂದು ನಮ್ ಹಳೆ ಮನೆ ಗೋಡೆಗೆ ಚುಚ್ಚಿದ್ರೆ ಏನಾಗತ್ತೆ ಅನ್ನೋದು ಆ ಟೇಬಲಲ್ಲಿ ಎಲ್ಲೂ ಇಲ್ಲ. ನಂಗೆ ಬಂದ ಮಷೀನಿನ ಪ್ಲಗ್ ಆಸ್ಟ್ರೇಲಿಯಾದ ಓರೆ ಪಿನ್ನಿಂದು, ಅದಕ್ಕೊಂದು ಅಗ್ಗದ ಯೂನಿವರ್ಸಲ್ ಅಡಾಪ್ಟರ್ ಕೊಟ್ಟಿದ್ದ. ಮೇಲೆ ಬರೆದಿದ್ದು 6 ಆಂಪ್. 2400 ವ್ಯಾಟ್ ಮಷೀನು 230 ವೋಲ್ಟಲ್ಲಿ ಹತ್ತೂವರೆ ಆಂಪ್ ಹತ್ರ ಎಳೆಯತ್ತೆ, ನೀರು ಬಿಸಿ ಆಗೋ ಮುಂಚೆ ಅಡಾಪ್ಟರ್ ಕರಗಿ ಸಾಕೆಟ್ಟಿಗೆ ಅಂಟ್ಕೊಂಡಿತ್ತು. ಮರದ ಮನೆ ನಮ್ದು, ಅಮ್ಮಂಗೆ ವಾಸನೆ ಬಂದಿದ್ದಕ್ಕೆ ಉಳೀತು. ಡೀಲರ್‌ಗೆ ಫೋನ್ ಮಾಡಿದ್ರೆ ನಿಮ್ ವೈರಿಂಗ್ ಸರಿ ಇಲ್ಲ ಸರ್ ಅಂತಾನೆ! ವೈರಿಂಗ್ ಹುಡುಗನ್ನ ಕರೆಸಿ 16 ಆಂಪ್ ಸಾಕೆಟ್, ಲೋಡ್ ಜಾಸ್ತಿ ಆದ್ರೆ ಬೀಳೋ ಬೇರೆ ಎಂಸಿಬಿ, ಕರೆಂಟ್ ಲೀಕ್ ಆದ್ರೆ ತಕ್ಷಣ ಕಟ್ ಮಾಡೋ ಆರ್‌ಸಿಸಿಬಿ, ಸರಿಯಾದ ಅರ್ತಿಂಗ್ ಎಲ್ಲಾ ಹಾಕ್ಸಿದ ಮೇಲೆ ಪ್ಲಗ್ ಕತ್ತರಿಸಿ ನಮ್ ಪ್ಲಗ್ ಹಾಕಿದ್ವಿ. ಆರ್‌ಸಿಸಿಬಿ ಇಲ್ಲದೆ ನೀರು, ಸ್ಟೀಲು, ಕರೆಂಟು ಮೂರೂ ಒಟ್ಟಿಗಿರೋ ಸಾಮಾನು ಮುಟ್ಟಲೇಬೇಡಿ, ಯಾವ ಬ್ರ್ಯಾಂಡ್ ಆದ್ರೂ ಸರಿ.

ಆಮೇಲೆ ವೋಲ್ಟೇಜು. ನಮ್ ಕಡೆ ಸಂಜೆ ಹೊತ್ತು ಲೈನಿನ ಕೊನೆ ಮನೆಗಳಿಗೆ 170 ಬಂದ್ರೆ ಪುಣ್ಯ, ನಿಮಗೆ ಹೇಳೋದೇನಿದೆ. ಹೀಟರಿನ ತಾಕತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಇಳಿಯತ್ತೆ, 230ಕ್ಕೆ 2400 ವ್ಯಾಟ್ ಇರೋದು 170ಕ್ಕೆ ಬರೀ 1300 ಚಿಲ್ಲರೆ. ಕಾಲು ಭಾಗ ವೋಲ್ಟೇಜ್ ಇಳಿದ್ರೆ ಹತ್ರ ಹತ್ರ ಅರ್ಧ ಬಿಸಿ ಹೋಯ್ತು. 25 ಲೀಟರ್ ರಸನ 66 ಡಿಗ್ರಿಯಿಂದ ಕುದಿಗೆ ತರೋಕೆ ಪೂರ್ತಿ ಕರೆಂಟ್ ಇದ್ರೆ ಅರ್ಧ ಗಂಟೆ ಆಸುಪಾಸು, ನಮ್ ಮನೇಲಿ ಊಟ ಮುಗಿಸಿ ಬಂದು ನೋಡಿದ್ರೂ ಅಂಚಲ್ಲಿ ಸಣ್ಣ ಗುಳ್ಳೆ ಬಿಟ್ರೆ ಏನಿಲ್ಲ. ಮುಚ್ಚಳ ಹಾಕಿ ಕುದಿಸಬಹುದಲ್ಲ ಅನ್ನಬೇಡಿ, ಬಾರ್ಲಿ ಮಾಲ್ಟ್ ಕುದಿಯೋವಾಗ ಡೈಮೀಥೈಲ್ ಸಲ್ಫೈಡ್ ಅಂತ ಒಂದು ಬರತ್ತೆ, ಅದು ಆವಿ ಜೊತೆ ಹೋಗ್ಬೇಕು, ಹೋಗ್ಲಿಲ್ಲ ಅಂದ್ರೆ ರಸಕ್ಕೆ ಬೇಯಿಸಿದ ಜೋಳದ ವಾಸನೆ. ಅದಕ್ಕೇ ಮುಚ್ಚಳ ತೆಗೆದು ಜೋರಾಗಿ ಕುದಿಸಬೇಕು ಅಂತಿರೋದು. ಇನ್ನೊಂದು ವಿಷ್ಯ, ನಮ್ ಎತ್ತರಕ್ಕೆ ನೀರು 98ರ ಹತ್ರನೇ ಕುದಿಯತ್ತೆ, ಡಿಸ್‌ಪ್ಲೇಲಿ 100 ಬರ್ಲಿಲ್ಲ ಅಂತ ಗಾಬರಿ ಆಗೋದು ಬೇಡ, ಅದು ಮಷೀನಿನ ತಪ್ಪಲ್ಲ.

ಇನ್ವರ್ಟರ್ ಕಥೆ ಬಿಡಿ. ಮನೆ ಇನ್ವರ್ಟರು 850, 1000 ವಿಎ ಇರತ್ತೆ, 2400 ವ್ಯಾಟ್ ಹಾಕಿದ್ ತಕ್ಷಣ ಕಿರುಚಿ ಆಫ್ ಆಗತ್ತೆ. ದೊಡ್ಡ ಸ್ಟೆಬಿಲೈಸರ್ ಹಾಕಿದ್ರೆ ವೋಲ್ಟೇಜ್ ತಕ್ಕಮಟ್ಟಿಗೆ ಸರಿ ಹೋಗತ್ತೆ, ಅದಕ್ಕೂ ಬೇರೆ ದುಡ್ಡು. ಕೆಲವರು ತೋಟದ ಐಪಿ ಸೆಟ್ ಲೈನಿಂದ ಎಳ್ಕೊಳ್ಳಿ ಅಂತ ಬುದ್ಧಿ ಹೇಳ್ತಾರೆ, ಅದು ಪಂಪ್‌ಸೆಟ್ಟಿಗೆ ಅಂತ ಕೊಟ್ಟಿರೋ ಕರೆಂಟು, ಆ ತಂಟೆಗೆ ಹೋಗಬೇಡಿ.

ಈಗ ಮಷೀನ್ ಒಳಗಿಂದು. ಇವೆಲ್ಲಾ ಕೆಲಸ ಮಾಡೋದು ಹೆಚ್ಚುಕಮ್ಮಿ ಒಂದೇ ಥರ, ಹೊರಗೊಂದು ಡ್ರಮ್, ಒಳಗೆ ತಳದಲ್ಲಿ ಜರಡಿ ಇರೋ ಪೈಪು, ಅದರಲ್ಲಿ ಪುಡಿ ಮಾಡಿದ ಮಾಲ್ಟು, ಕೆಳಗೊಂದು ಪಂಪು. ಪಂಪ್ ತಳದ ರಸ ಎತ್ತಿ ಮೇಲಿಂದ ಸುರಿಯತ್ತೆ, ಅದು ಮಾಲ್ಟಿನ ಮಧ್ಯ ಇಳಿದು ಮತ್ತೆ ತಳಕ್ಕೆ ಬರಬೇಕು. 65ರಿಂದ 67 ಡಿಗ್ರಿಲಿ ಒಂದು ಗಂಟೆ ಹೀಗೆ ಸುತ್ತಿದ್ರೆ ಮಾಲ್ಟಲ್ಲಿರೋ ಪಿಷ್ಟ ಸಕ್ಕರೆ ಆಗತ್ತೆ. ಗ್ರೇನ್‌ಫಾದರಲ್ಲಿ, ಬ್ರೂಜಿಲ್ಲಾದಲ್ಲಿ ಇದೇ ದಾರಿ. ಬ್ರೌಮೈಸ್ಟರ್ ಮಾತ್ರ ಉಲ್ಟಾ, ಕೆಳಗಿಂದ ಮೇಲಕ್ಕೆ ಮಾಲ್ಟಿನ ಒಳಗೇ ರಸ ತಳ್ಳಿ ಮೇಲಿಂದ ಹೊರಗೆ ಬೀಳಿಸತ್ತೆ. ನನ್ ಮಷೀನ್ ಮೊದಲನೇ ಜಾತಿದು, ಆದ್ರೆ ಅದರ ಪಂಪಿಗೆ ಹರಿವು ಕಡಿಮೆ ಮಾಡೋ ವಾಲ್ವೇ ಇಲ್ಲ. ಮಾಲ್ಟ್ ಸ್ವಲ್ಪ ನುಣ್ಣಗೆ ಪುಡಿ ಆಗಿದ್ರೆ ಸಾಕು, ರಸ ಕೆಳಗೆ ಇಳಿಯೋದು ನಿಧಾನ, ಪಂಪ್ ಎತ್ತೋದು ಜೋರು, ಮೇಲೆ ರಸ ತುಂಬಿ ತುಳುಕ್ತಿದೆ, ತಳ ಒಣಗಿದೆ, ಒಣಗಿದ ತಳದ ಕೆಳಗೇ ಹೀಟರ್ ಉರೀತಿದೆ. ಹೊರಗಿಂದ ಏನೂ ಕಾಣಲ್ಲ! ಡಿಸ್‌ಪ್ಲೇಲಿ ಟೆಂಪರೇಚರ್ ಹಿಂದೆ ಮುಂದೆ ಕುಣೀತಿತ್ತು, ಸೆನ್ಸರ್ ಇರೋದು ತಳದಲ್ಲಿ, ಮಾಲ್ಟಿನ ಮಧ್ಯದಲ್ಲಿ ಬೇರೆ ಥರ್ಮಾಮೀಟರ್ ಇಟ್ರೆ ಅದು ಇನ್ನೊಂದೇ ಹೇಳತ್ತೆ. ಆಮೇಲೆ ಕರಟಿದ ವಾಸನೆ, ಆಮೇಲೆ ಮಷೀನ್ ಪೂರ್ತಿ ಬಂದ್. ತಳದಲ್ಲಿ ಒಣ ಕಾಯೋದು ತಡೆಯೋಕೆ ಒಂದು ಕಟ್-ಆಫ್ ಇರತ್ತೆ, ಅದು ಬಿದ್ರೆ ಕೈಯಲ್ಲೇ ಒತ್ತಿ ರೀಸೆಟ್ ಮಾಡ್ಬೇಕು. ಒಳ್ಳೆ ಮಷೀನಲ್ಲಿ ಆ ಬಟನ್ ಹೊರಗೆ ಕೈಗೆ ಸಿಗತ್ತೆ. ಇದರಲ್ಲಿ ಬಿಸಿ ರಸ ಎಲ್ಲಾ ಬಕೆಟ್ಟಿಗೆ ಬಗ್ಗಿಸಿ, ಡ್ರಮ್ ಮಗುಚಿ, ತಳದ ಸ್ಕ್ರೂ ಬಿಚ್ಚಿದ್ರೆ ಸಿಗತ್ತೆ, ಅದನ್ನ ಮಾಡಿದವನಿಗೆ ನಮಸ್ಕಾರ. ತಳ ನೋಡಿದ್ರೆ ಕಪ್ಪು ಚಕ್ಕೆ, ಅಡಿಕೆ ಬೇಯಿಸಿದ ಹಂಡೆಯ ಚೊಗರು ಕೂಡ ಇಷ್ಟು ಗಟ್ಟಿ ಹಿಡಿಯಲ್ಲ ಅನ್ನಿಸ್ತು. ಮಾಲ್ಟ್ ಹೊಟ್ಟನ್ನ ದನಗಳಿಗೆ ಅಕ್ಕಚ್ಚಿನ ಜೊತೆ ಹಾಕಿದ್ವಿ, ಅವು ಮಾತ್ರ ಕಂಪ್ಲೇಂಟ್ ಹೇಳ್ಲಿಲ್ಲ.

304 ಸ್ಟೀಲ್ ಅಂತ ಅಯಸ್ಕಾಂತ ಹಚ್ಚಿ ತೋರಿಸ್ತಾನೆ, ನೋಡಿ ಸರ್ ಅಂಟಲ್ಲ ಅಂತ. ಆ ಆಟಕ್ಕೆ ಮರುಳಾಗಬೇಡಿ, 201, 202 ಅಂತ ಅಗ್ಗದ ಸ್ಟೀಲಿಗೂ ಅಯಸ್ಕಾಂತ ಅಂಟಲ್ಲ, ಆದ್ರೆ ತುಕ್ಕು ಹಿಡಿಯತ್ತೆ. ನನ್ನ ಡ್ರಮ್ಮಿಗೆ ವೆಲ್ಡಿಂಗ್ ಜಾಗದಲ್ಲಿ ಒಂದೇ ಮಳೆಗಾಲಕ್ಕೆ ಕೆಂಪು ಗೆರೆ ಬಂತು, ಕಂಟ್ರೋಲ್ ಬೋರ್ಡಿಗೆ ಬೂಷ್ಟು ಹಿಡಿದು ಬಟನ್ ಒತ್ತಿದ್ರೆ ತನ್ನಿಷ್ಟಕ್ಕೆ ಬೇರೇನೋ ಮಾಡತ್ತೆ. ಆಗುಂಬೆ ಕಡೆಯವರಿಗೆ ಮಳೆಗಾಲದ ಥಂಡಿ ಏನು ಅಂತ ನಾನು ಹೇಳ್ಬೇಕಿಲ್ಲ.

35 ಲೀಟರ್ ಅನ್ನೋದೂ ಅಂಚಿನ ತನಕ ತುಂಬಿದ ಲೆಕ್ಕ. ಕುದಿಯೋವಾಗ ನೊರೆ ಉಕ್ಕೋಕೆ ಜಾಗ ಬೇಕು, ಕೊನೆಗೆ ಕೈಗೆ ಸಿಗೋದು 23 ಲೀಟರ್ ಆಸುಪಾಸು. ಇದು ಎಲ್ಲಾ ಕಂಪನಿಗೂ ಅಷ್ಟೇ, ಇವನು ಹೇಳಲ್ಲ ಅಷ್ಟೇ ವ್ಯತ್ಯಾಸ.

ಕೊಪ್ಪದ ಗೆಳೆಯ ಈ ಡೀಲರ್ ಹತ್ರ ತಗೊಳ್ಳಿಲ್ಲ, ಅವನ ಅಣ್ಣ ಅಮೆರಿಕದಿಂದ ಬರೋವಾಗ ಅಲ್ಲಿಂದೇ ಒಂದು ತಂದಿದ್ರು, 120 ವೋಲ್ಟಿಂದು. ಅದನ್ನ ಸೀದಾ ನಮ್ ಸಾಕೆಟ್ಟಿಗೆ ಹಾಕಿದ್ರೆ ಹೀಟರ್ ಸುಮಾರು ಮೂರೂವರೆ ಪಟ್ಟು ಪವರ್ ಎಳೆದು ಸುಟ್ಟೋಗತ್ತೆ, 1600 ವ್ಯಾಟಿಗೆ 2000 ವಿಎ ಆದ್ರೂ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದನ್ನ ಎತ್ತೋಕೆ ಇನ್ನೊಬ್ರು ಬೇಕು. ಅಮೆರಿಕದ್ದೇ ಆದ ಆನ್ವಿಲ್ ಫೌಂಡ್ರಿ ಅನ್ನೋ ಮಷೀನಲ್ಲಿ 120, 240 ಎರಡಕ್ಕೂ ಸ್ವಿಚ್ ಇದೆ, ತರಿಸೋರು ಇದ್ರೆ ಅಂಥದ್ದು ನೋಡಿ ತರಿಸ್ಲಿ. ಅವನ ಮಷೀನ್ ಈಗ ಅಟ್ಟದ ಮೇಲಿದೆ.

ಆ್ಯಪ್ ಬಗ್ಗೆ ಒಂದ್ ಮಾತು. ಫೋನಲ್ಲೇ ಎಲ್ಲಾ ಕಂಟ್ರೋಲ್ ಅಂತ ಹಿಗ್ಗಬೇಡಿ, ಅಮೆರಿಕದ ಪಿಕೋಬ್ರೂ ಅನ್ನೋ ಕಂಪನಿ ಇಂಟರ್ನೆಟ್ಟಿಗೆ ಕಟ್ಟಿದ ಮಷೀನ್ ಮಾರಿತ್ತು, 2020ರಲ್ಲಿ ಕಂಪನಿ ಮುಳುಗಿದಾಗ ಸರ್ವರ್ ನಿಂತ್ರೆ ಮಷೀನ್ ಗತಿ ಏನು ಅಂತ ತಗೊಂಡವರು ತಲೆ ಮೇಲೆ ಕೈ ಹೊತ್ತು ಕೂತ್ರು. ನಮ್ ಕಡೆ ನೆಟ್‌ವರ್ಕ್ ಹುಡುಕ್ಕೊಂಡು ಗುಡ್ಡ ಹತ್ತೋರು ನಾವು, ಕೈಯಲ್ಲಿ ತಿರುಗಿಸೋ ಸ್ವಿಚ್ ಇರೋದೇ ಒಳ್ಳೇದು.

ವಾರಂಟಿ ಕೇಳಿದ್ರೆ ಬೆಂಗಳೂರಿಗೆ ನಮ್ ಖರ್ಚಲ್ಲೇ ಪಾರ್ಸೆಲ್ ಮಾಡ್ಬೇಕಂತೆ. ಮಾಡಿದೆ. ಬೋರ್ಡ್ ಸ್ಟಾಕ್ ಇಲ್ಲ ಅಂತ ಹಾಗೇ ವಾಪಸ್ ಬಂತು, ಮುಚ್ಚಳ ನೆಗ್ಗಿತ್ತು ಬೇರೆ. ಬಿಲ್ ಅಂತ ಕೊಟ್ಟಿದ್ದು ಎಸ್ಟಿಮೇಟ್ ಅಂತ ಬರೆದ ಹಳದಿ ಚೀಟಿ, ಜಿಎಸ್‌ಟಿ ನಂಬರ್ ಇಲ್ಲ. ಭಾಗ್ಯಕ್ಕೆ ದುಡ್ಡು ಫೋನ್‌ಪೇಲಿ ಕಳಿಸಿದ್ದು, ಅದರ ದಾಖಲೆ ಇದೆ, ವಾಟ್ಸಾಪಲ್ಲಿ ಅವನು ಲೈಸೆನ್ಸ್ ಬೇಡ ಅಂತ ಬರೆದಿದ್ದೂ ಇದೆ. 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಲಿ ದೂರು ಬರೆಸಿದೀನಿ.

ಈಗ ಅದೇ ಡ್ರಮ್ಮಿಗೆ ಹೊಸ ಸ್ಟಿಕ್ಕರ್ ಹಚ್ಚಿ ಮೂಡಿಗೆರೆ ಕಡೆ ಡೆಮೊ ಮಾಡ್ತಿದಾನೆ ಅಂತ ಸುದ್ದಿ. ಹೋದ್ರೆ ಡ್ರಮ್ ಮಗುಚಿ ತಳ ತೋರಿಸು ಅನ್ನಿ, ವೋಲ್ಟು, ವ್ಯಾಟು, ತಯಾರು ಮಾಡಿದವರ ವಿಳಾಸ ಇರೋ ಪ್ಲೇಟ್ ಇರ್ಬೇಕು, ರೀಸೆಟ್ ಬಟನ್ ಎಲ್ಲಿದೆ ಕೇಳಿ, ಪಂಪಿಗೆ ವಾಲ್ವ್ ಇದ್ಯಾ ನೋಡಿ, ಲೈಸೆನ್ಸ್ ಬೇಡ ಅನ್ನೋ ಮಾತನ್ನ ಲೆಟರ್‌ಹೆಡ್ಡಲ್ಲಿ ಬರೆದು ಸೀಲ್ ಹಾಕಿ ಕೊಡು ಅನ್ನಿ. ಈಗಾಗ್ಲೇ ತಗೊಂಡಿರೋರು ಯಾರಾದ್ರು ಇದ್ರೆ ಚೀಟಿ, ಪೇಮೆಂಟ್ ಸ್ಕ್ರೀನ್‌ಶಾಟ್ ಜೋಪಾನ ಮಾಡ್ಕೊಂಡು ನಂಗೊಂದು ಮೆಸೇಜ್ ಹಾಕಿ. 2019ರ ಗ್ರಾಹಕ ಕಾಯ್ದೆಲಿ ಒಂದೇ ಥರ ನಷ್ಟ ಆದವರು ಅನುಮತಿ ತಗೊಂಡು ಒಟ್ಟಿಗೆ ಕೇಸ್ ಹಾಕೋಕೆ ಅವಕಾಶ ಇದೆ ಅಂತ ಭಾವ ಹೇಳಿದ್ರು, ಶಿವಮೊಗ್ಗದ ಜಿಲ್ಲಾ ಆಯೋಗದಲ್ಲಿ ಹಾಕೋದಕ್ಕೆ ಪೇಪರ್ ರೆಡಿ ಮಾಡ್ತಿದಾರೆ.