ಮಾತಾಡುವಷ್ಟು ದೂರ: ಕ್ಯಾನನ್ 50 ಎಂಎಂ ಎಫ್/1.8 ಜೊತೆ ಎಂಟು ವರ್ಷ

ಈ ಲೆನ್ಸ್ ತಗೊಂಡಿದ್ದು 2017ರ ನವೆಂಬರ್‌ನಲ್ಲಿ. ಆಗ ನನ್ನ ಹತ್ತಿರ ಇದ್ದದ್ದು ಕ್ಯಾನನ್ 1300ಡಿ ಕ್ಯಾಮೆರಾ ಮತ್ತು ಅದರ ಜೊತೆಗೇ ಬಂದಿದ್ದ 18-55 ಕಿಟ್ ಲೆನ್ಸ್. ಪ್ರವಾಸ ಹೋದಲ್ಲೆಲ್ಲ ದೇವಸ್ಥಾನ, ಬೆಟ್ಟ, ಜಲಪಾತ ಅಂತ ರಾಶಿ ರಾಶಿ ಫೋಟೋ ತೆಗೆಯುತ್ತಿದ್ದೆ. ಮನೆಗೆ ಬಂದು ನೋಡಿದರೆ ಒಂದೂ ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲ. ಸುಮಾರು ಎಂಟು ಸಾವಿರ ರೂಪಾಯಿ ಕೊಟ್ಟು ಈ ಪುಟ್ಟ ಲೆನ್ಸ್ ತಂದೆ. ಈಗ ನಮ್ಮ ಹಜಾರದ ಗೋಡೆಯ ಮೇಲೆ ಒಂಬತ್ತು ಫೋಟೋಗಳಿವೆ. ಅದರಲ್ಲಿ ಏಳು ಇದರಿಂದಲೇ ತೆಗೆದವು. ಹಾಗಾಗಿ ಇಲ್ಲಿ ಲೆನ್ಸ್ ಎಷ್ಟು ಸ್ಪಷ್ಟ ಅಂತ ಅಳೆಯುವ ಟೆಸ್ಟ್ ಚಾರ್ಟ್ ಹಾಕುತ್ತಿಲ್ಲ. ಗೋಡೆಯ ಮೇಲಿನ ಕೆಲವು ಫೋಟೋಗಳ ಕತೆ ಹೇಳುತ್ತೇನೆ. ಲೆನ್ಸ್ ಎಲ್ಲಿ ಒದಗಿತು, ಎಲ್ಲಿ ಸಾಲಲಿಲ್ಲ ಅನ್ನುವುದು ಅದರಲ್ಲೇ ಬರುತ್ತದೆ.

ಮೊದಲು ಲೆಕ್ಕದ ಮಾತು ಮುಗಿಸಿಬಿಡೋಣ. ಇದು 2015ರಲ್ಲಿ ಬಂದ ಎಸ್‌ಟಿಎಂ (ಸ್ಟೆಪಿಂಗ್ ಮೋಟಾರ್‌ನಿಂದ ಫೋಕಸ್ ಆಗುವ) ಮಾದರಿ. ತೂಕ 160 ಗ್ರಾಂ, ಜೇಬಿನಲ್ಲಿ ಇಟ್ಟುಕೊಂಡು ಓಡಾಡಬಹುದು. ಇದಕ್ಕೂ ಮೊದಲು 1990ರಿಂದ ಇದ್ದ ಮಾದರಿಯಲ್ಲಿ ಕ್ಯಾಮೆರಾಕ್ಕೆ ಕೂರುವ ಭಾಗ ಪ್ಲಾಸ್ಟಿಕ್‌ನದು, ಇದರಲ್ಲಿ ಲೋಹದ್ದು. ಬೆಳಕು ಬರುವ ಕಿಂಡಿಯನ್ನು (ಅಪರ್ಚರ್) ಹಿರಿದು ಕಿರಿದು ಮಾಡುವ ಬ್ಲೇಡ್ ಐದು ಇದ್ದದ್ದು ಏಳಾಗಿದೆ, ಅದಕ್ಕೇ ಹಿನ್ನೆಲೆಯ ದೀಪಗಳು ಮೂಲೆ ಮೂಲೆಯಾಗಿ ಕಾಣದೆ ದುಂಡಗೆ ಕಾಣುತ್ತವೆ. 35 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಆಗುತ್ತದೆ. ಜೂಮ್ ಇಲ್ಲ. ಕೈ ನಡುಗಿದರೆ ಸರಿಮಾಡುವ ಸ್ಟೆಬಿಲೈಸೇಶನ್ ಇಲ್ಲ. ಮಳೆ, ದೂಳು ತಡೆಯುವ ಸೀಲಿಂಗ್ ಇಲ್ಲ. ಇರುವುದು ಎಫ್/1.8ರ ಬೆಳಕು. ಎಫ್ ಮುಂದಿನ ಸಂಖ್ಯೆ ಸಣ್ಣದಾದಷ್ಟೂ ಆ ಕಿಂಡಿ ಅಗಲ. ಕಿಟ್ ಲೆನ್ಸ್ 55 ಎಂಎಂನಲ್ಲಿ ಎಫ್/5.6ಕ್ಕಿಂತ ಅಗಲ ತೆರೆಯುವುದಿಲ್ಲ. ಅದಕ್ಕೆ ಹೋಲಿಸಿದರೆ ಇದು ಒಂಬತ್ತು ಪಟ್ಟಿಗೂ ಜಾಸ್ತಿ ಬೆಳಕು ಒಳಗೆ ಬಿಡುತ್ತದೆ.

1300ಡಿಯ ಸೆನ್ಸರ್ (ಚಿತ್ರ ಬೀಳುವ ಫಲಕ) ಚಿಕ್ಕದು, ಎಪಿಎಸ್-ಸಿ ಅನ್ನುವ ಅಳತೆಯದು. ಅದರ ಮೇಲೆ ಈ ಲೆನ್ಸ್ ಹಾಕಿದರೆ ಫುಲ್ ಫ್ರೇಮ್ ಅನ್ನುವ ದೊಡ್ಡ ಸೆನ್ಸರ್‌ನ ಕ್ಯಾಮೆರಾಕ್ಕೆ 80 ಎಂಎಂ ಹಾಕಿದಾಗ ಎಷ್ಟು ಕಾಣುತ್ತದೋ ಅಷ್ಟೇ ಕಾಣುವುದು. ಅಂದರೆ ಇಕ್ಕಟ್ಟು. ಕ್ಯಾಮೆರಾ ಲಂಬವಾಗಿ ಹಿಡಿದು ಒಬ್ಬರನ್ನು ತಲೆಯಿಂದ ಸೊಂಟದವರೆಗೆ ತೆಗೆಯಬೇಕಾದರೆ ಸುಮಾರು ಎರಡು ಮೀಟರ್ ದೂರದಲ್ಲಿ ನಿಲ್ಲಬೇಕು. ಜಗಲಿಯ ಆ ತುದಿಯಲ್ಲಿ ಒಬ್ಬರು, ಈ ತುದಿಯಲ್ಲಿ ಒಬ್ಬರು ಕೂತು ಹರಟೆ ಹೊಡೆಯುವಷ್ಟು ದೂರ ಅದು. ಅಷ್ಟು ಹತ್ತಿರ ನಿಂತು ಸುಮ್ನೆ ಫೋಟೋ ತೆಗೆದು ಹೋಗೋಕೆ ಆಗಲ್ಲ, ಅಲ್ವಾ? ಯಾವೂರು ಅಂತ ಕೇಳಬೇಕು, ಊಟ ಆಯ್ತಾ ಅಂತ ಕೇಳಬೇಕು, ಫೋಟೋ ತೆಗೆಯಲಾ ಅಂತ ಕೇಳಬೇಕು. ದೂರದಿಂದ ಕದ್ದು ತೆಗೆಯುವ ದಾರಿಯೇ ಮುಚ್ಚಿಹೋಗುತ್ತದೆ. ಈ ಲೆನ್ಸ್ ಮೇಲೆ ನನಗಿರುವ ಪ್ರೀತಿಗೆ ಮೊದಲ ಕಾರಣ ಇದೇ.

ಗೋಡೆಯ ಮೇಲಿನ ಮೊದಲ ಫೋಟೋ ಬ್ಯಾಡಗಿಯದು. ಹಾವೇರಿ ಜಿಲ್ಲೆಯ ಈ ಊರಿನ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರುವಾಸಿ. ಡಬ್ಬಿ ಅಂತ ಒಂದು, ಕಡ್ಡಿ ಅಂತ ಇನ್ನೊಂದು. ಕಡ್ಡಿ ತೆಳ್ಳಗೆ ಉದ್ದ, ಮೈಯೆಲ್ಲ ಸುಕ್ಕು. 2011ರಲ್ಲಿ ಇದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ. ನಾನು ಹೋಗಿದ್ದು 2019ರ ಫೆಬ್ರವರಿಯಲ್ಲಿ, ಮಾರುಕಟ್ಟೆಗೆ ಆವಕ ಜೋರಾಗಿದ್ದಾಗ. ಎಲ್ಲಿ ನೋಡಿದರೂ ಚೀಲಗಳ ಸಾಲು, ಕೆಂಪು ರಾಶಿ. ಒಂದು ಗೋದಾಮಿನ ಮುಂದೆ ಹತ್ತು ಹನ್ನೆರಡು ಹೆಣ್ಣುಮಕ್ಕಳು ಕೂತು ತೊಟ್ಟು ಬಿಡಿಸುತ್ತಿದ್ದರು. ಕ್ಯಾಮೆರಾ ಕಂಡ ಕೂಡಲೇ ಎಲ್ಲರೂ ಸೆರಗು ಮುಖಕ್ಕೆ ಎಳೆದುಕೊಂಡರು. ನಾನು ಕ್ಯಾಮೆರಾ ಕೆಳಗಿಳಿಸಿ ಹತ್ತಿರ ಹೋಗಿ ಕೂತೆ.

ಕೂತು ಒಂದು ನಿಮಿಷ ಆಗಿರಲಿಲ್ಲ, ಘಾಟಿಗೆ ಸೀನು ಶುರುವಾಯಿತು. ಒಂದಲ್ಲ ಎರಡಲ್ಲ, ನಿಲ್ಲಲೇ ಇಲ್ಲ. ಕಣ್ಣಲ್ಲಿ ನೀರು. ಸಾಲಿನ ಕೊನೆಯಲ್ಲಿದ್ದ ಅಕ್ಕ ಒಬ್ಬರು, “ಮೂಗಿಗೆ ಅರಿವಿ ಕಟ್ಕೋರಿ ಅಣ್ಣಾರ, ಹೊಸಬರಿಗೆ ಹಿಂಗ ಆಕ್ಕೈತಿ” ಅಂದರು. ತಮ್ಮ ಬುತ್ತಿ ಗಂಟಿನ ಬಟ್ಟೆಯನ್ನೇ ಬಿಚ್ಚಿ ಕೊಟ್ಟರು. ನೀರೂ ಕೊಟ್ಟರು. ಮಾತು ಬೆಳೆಯಿತು. ಸಂಜೆ ಮನೆಗೆ ಹೋಗಿ ಎಷ್ಟು ತೊಳೆದರೂ ಕೈ ಉರಿ ಹೋಗುವುದಿಲ್ಲ, ಮಗುವನ್ನು ಎತ್ತಿಕೊಳ್ಳುವ ಮೊದಲು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತೇವೆ ಅಂತ ಒಬ್ಬ ಹುಡುಗಿ ಹೇಳಿದಳು. ಅರ್ಧ ಗಂಟೆ ಆದಮೇಲೆ ಆ ಅಕ್ಕನೇ, “ಇನ್ನ ತೆಗೀರಿ” ಅಂದರು.

ತೆಗೆದದ್ದು ಅವರ ಮುಖವನ್ನಲ್ಲ, ಕೈಯನ್ನು. ಬೆರಳ ತುದಿಯ ಕೆಂಪು, ಉಗುರಿನ ಸಂದಿಯಲ್ಲಿ ಕೂತ ಪುಡಿ, ಸವೆದ ಬಳೆ. ಅಷ್ಟು ಹತ್ತಿರದಿಂದ ಎಫ್/1.8ರಲ್ಲಿ ತೆಗೆದರೆ ಕೆಲವೇ ಮಿಲಿಮೀಟರ್ ಆಳ ಮಾತ್ರ ಸ್ಪಷ್ಟವಾಗಿ ಬರುತ್ತದೆ. ಮೊದಲ ಹತ್ತು ಫೋಟೋಗಳಲ್ಲಿ ಬೆರಳು ಸ್ಪಷ್ಟ ಇದ್ದರೆ ಮೆಣಸಿನಕಾಯಿ ಮಸುಕು, ಮೆಣಸಿನಕಾಯಿ ಬಂದರೆ ಬೆರಳು ಮಸುಕು. ಕಿಂಡಿ ಕಿರಿದು ಮಾಡಿ ಎಫ್/5.6ಕ್ಕೆ ಇಳಿಸಿ ಸ್ವಲ್ಪ ಹಿಂದೆ ಸರಿದ ಮೇಲೆ ಬೇಕಾದದ್ದು ಸಿಕ್ಕಿತು. ಹೊಸದಾಗಿ ತಗೊಳ್ಳುವವರಿಗೆ ಇದನ್ನೇ ಹೇಳುತ್ತೇನೆ: 1.8 ಇದೆ ಅಂತ ಯಾವಾಗಲೂ 1.8ರಲ್ಲೇ ತೆಗೆಯಬೇಡಿ. ಮುಖ ತೆಗೆಯುವಾಗಲೂ 2.8 ಹಾಕಿದರೆ ಎರಡೂ ಕಣ್ಣು ಸ್ಪಷ್ಟವಾಗಿ ಬರುವ ಸಾಧ್ಯತೆ ಜಾಸ್ತಿ, ಚಿತ್ರವೂ ಒಟ್ಟಾರೆ ಇನ್ನಷ್ಟು ಸ್ಪಷ್ಟವಾಗಿರುತ್ತದೆ.

ಆವತ್ತು ಬಸ್‌ನಲ್ಲಿ ವಾಪಸ್ ಬರುವಾಗ ಒಂದು ವಿಷಯ ಹೊಳೆಯಿತು. ಅಕ್ಕನ ಹೆಸರು ಕೇಳಿರಲಿಲ್ಲ. ಅದೇ ಹೊತ್ತಿಗೆ ಅಮೆರಿಕದ ಛಾಯಾಗ್ರಾಹಕ ಸ್ಟೀವ್ ಮೆಕ್‌ಕರಿ ತೆಗೆದ ಆ ಹಸಿರು ಕಣ್ಣಿನ ಅಫ್ಘನ್ ಹುಡುಗಿಯ ಫೋಟೋ ನೆನಪಾಯಿತು. 1984ರಲ್ಲಿ ಪಾಕಿಸ್ತಾನದ ಪೇಶಾವರದ ಹತ್ತಿರ ನಾಸಿರ್ ಬಾಗ್ ನಿರಾಶ್ರಿತರ ಶಿಬಿರದಲ್ಲಿ ತೆಗೆದದ್ದು. 1985ರ ಜೂನ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟಕ್ಕೆ ಬಂತು. ಇಡೀ ಜಗತ್ತು ಆ ಮುಖವನ್ನು ಗುರುತಿಸಿತು. ಆದರೆ ಅವಳ ಹೆಸರು ಶರ್ಬತ್ ಗುಲಾ ಅಂತ ಗೊತ್ತಾಗಿದ್ದು 2002ರಲ್ಲಿ, ಹುಡುಕಿಕೊಂಡು ಹೋದ ಮೇಲೆ. ಅಷ್ಟು ವರ್ಷ ತನ್ನ ಫೋಟೋ ಎಲ್ಲೆಲ್ಲಿ ಇದೆ ಅನ್ನುವುದೂ ಅವಳಿಗೆ ಗೊತ್ತಿರಲಿಲ್ಲ. ನನಗೆ ಅದು ಬಹಳ ಕಾಡಿತು. ಆಮೇಲಿಂದ ಕ್ಯಾಮೆರಾ ಬ್ಯಾಗ್‌ನಲ್ಲಿ ಒಂದು ನೋಟ್‌ಬುಕ್ ಇರುತ್ತದೆ. ಹೆಸರು, ಊರು, ಪ್ರಿಂಟ್ ತಲುಪಿಸುವ ವಿಳಾಸ ಬರೆದುಕೊಳ್ಳುತ್ತೇನೆ. ಮರುವರ್ಷ ಜನವರಿಯಲ್ಲಿ ಬ್ಯಾಡಗಿಗೆ ಮತ್ತೆ ಹೋಗಿ ಆ ಫೋಟೋದ ಪ್ರಿಂಟ್ ಕೊಟ್ಟು ಬಂದೆ. ಅಕ್ಕ ಅದನ್ನು ನೋಡಿ, “ಇವು ನಮ್ಮ ಅವ್ವನ ಕೈ ಇದ್ದಂಗ ಅದಾವು” ಅಂದರು. ನನ್ನ ಫೋಟೋ ಬಗ್ಗೆ ಅದಕ್ಕಿಂತ ದೊಡ್ಡ ಮಾತು ಯಾರೂ ಹೇಳಿಲ್ಲ.

ಇನ್ನು ಲೆನ್ಸ್ ಸಾಲದೇ ಹೋದ ಜಾಗ. 2018ರ ಫೆಬ್ರವರಿ, ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ. 12 ವರ್ಷಕ್ಕೊಮ್ಮೆ ನಡೆಯುವುದು, ಮುಂದಿನದು 2030ರಲ್ಲಿ. ಬರಿಗಾಲಲ್ಲಿ ದೊಡ್ಡಬೆಟ್ಟದ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದೆ. ಬ್ಯಾಗ್ ಹಗುರ ಇರಲಿ ಅಂತ ಕಿಟ್ ಲೆನ್ಸ್ ರೂಮಿನಲ್ಲೇ ಬಿಟ್ಟಿದ್ದೆ. ಗೊಮ್ಮಟನ ಎತ್ತರ ಸುಮಾರು 58 ಅಡಿ. ಈ ಲೆನ್ಸ್‌ನಲ್ಲಿ ಅಡಿಯಿಂದ ಮುಡಿಯವರೆಗೆ ಸೇರಿಸಬೇಕಾದರೆ ಹತ್ತಿರ ಹತ್ತಿರ 40 ಮೀಟರ್ ಹಿಂದೆ ಹೋಗಬೇಕು. ಅಷ್ಟು ಜಾಗ ಅಂಗಳದಲ್ಲಿ ಎಲ್ಲಿದೆ? ಮುಖ ಬಂದರೆ ಭುಜ ಇಲ್ಲ, ಪಾದ ಬಂದರೆ ಮೊಣಕಾಲಿಲ್ಲ. ಮೇಲಿನ ಅಟ್ಟಣಿಗೆಯಿಂದ ಹಾಲು, ಎಳನೀರು, ಕಬ್ಬಿನ ಹಾಲು, ಅರಿಶಿನ, ಶ್ರೀಗಂಧ ಒಂದಾದ ಮೇಲೊಂದು ಇಳಿಯುತ್ತಿದ್ದವು. ಬಿಳಿ ಮೂರ್ತಿ, ಹಳದಿ ಮೂರ್ತಿ, ಕೆಂಪು ಮೂರ್ತಿ. ಪೂರ್ತಿ ಒಂದೂ ನನ್ನ ಕ್ಯಾಮೆರಾದಲ್ಲಿಲ್ಲ. ನಿಜವಾಗಿಯೂ ಬೇಜಾರಾಯಿತು.

ಆಗ ಬೆಳಗಾವಿ ಕಡೆಯ ಅಜ್ಜಿ ಒಬ್ಬರು ಪಾದದ ಕಡೆಯಿಂದ ಬಂದರು. ತಲೆ, ಹಣೆ, ಬಿಳಿ ಸೀರೆ ಎಲ್ಲ ಅರಿಶಿನದಲ್ಲಿ ತೊಯ್ದಿತ್ತು. ಕೈಯಲ್ಲಿ ಹಿಡಿದಿದ್ದ ಪುಟ್ಟ ಬಾಟಲಿಯಲ್ಲಿ ಅಭಿಷೇಕದ ನೀರು. “ಹ್ವಾದ ಸಲ ನಮ್ಮ ಮನಿಯವರೂ ಇದ್ರು. ಈ ಸಲ ಅವರ ಫೋಟೋಕ್ಕ ಹಚ್ಚಾಕ ಒಯ್ಯಾಕತ್ತೀನಿ” ಅಂದರು. ಕೇಳಿ ಒಂದೇ ಒಂದು ಫೋಟೋ ತೆಗೆದೆ. ಅವರ ಹಿಂದೆ ಮಸುಕಾಗಿ ಗೊಮ್ಮಟನ ಒಂದು ಪಾದ ಮಾತ್ರ ಇದೆ. ನನ್ನ ಅಮ್ಮನಿಗೆ ಗೋಡೆಯ ಮೇಲಿನ ಎಲ್ಲ ಫೋಟೋಗಳಲ್ಲಿ ಇದೇ ಇಷ್ಟ. ಹಾಗಂತ ಅಗಲ ಲೆನ್ಸ್ ಬೇಡ ಅಂತ ನಾನು ಹೇಳುವುದಿಲ್ಲ. ವಿಜಯಪುರದ ಗೋಲಗುಮ್ಮಟದ ಒಳಗೆ, ಬಾದಾಮಿಯ ಗುಹೆಗಳ ಒಳಗೆ ಈ ಲೆನ್ಸ್ ಒಂದನ್ನೇ ನಂಬಿ ಹೋಗಬೇಡಿ. ಈಗ ನಾನು ಕಿಟ್ ಲೆನ್ಸ್ ಬಿಟ್ಟು ಹೋಗುವುದಿಲ್ಲ.

ಎಫ್/1.8ರ ಬೆಲೆ ಪೂರ್ತಿ ಗೊತ್ತಾದದ್ದು ಹಂಪಿಯಲ್ಲಿ. ವಿರೂಪಾಕ್ಷ ದೇವಸ್ಥಾನದ ಹಿಂಭಾಗದಲ್ಲಿ ಒಂದು ಕತ್ತಲೆಯ ಜಾಗ ಇದೆ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು ಎದುರು ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಮೂಡುತ್ತದೆ. ಗೋಪುರದ ತುದಿಯ ಬೆಳಕು ಕಿಂಡಿಯಲ್ಲಿ ನೇರವಾಗಿ ತೂರಿ ಕೆಳಗೆ ಬೀಳುತ್ತದೆ, ಬುಡದ ಬೆಳಕು ಮೇಲೆ ಬೀಳುತ್ತದೆ. ನಮ್ಮ ಕೈಯಲ್ಲಿರುವ ಕ್ಯಾಮೆರಾದ ಒಳಗೂ ಚಿತ್ರ ಬೀಳುವುದು ಹೀಗೇ, ತಲೆಕೆಳಗಾಗಿ. ಕಲ್ಲಿನ ಕ್ಯಾಮೆರಾ ಒಳಗೆ ಕ್ಯಾಮೆರಾ ಹಿಡಿದು ನಿಂತಾಗ ಮೈ ಜುಮ್ಮೆಂದಿತು.

ಅಲ್ಲಿ ಒಬ್ಬ ಅಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, “ನೋಡವ್ವಾ, ಗೋಪುರ ತೆಲಿಕೆಳಗ ಆಗೇತಿ” ಅಂತ ತೋರಿಸುತ್ತಿದ್ದ. ಮಗು ಸ್ವಲ್ಪ ಹೊತ್ತು ನೋಡಿತು. ಆಮೇಲೆ ಅಪ್ಪನ ಹೆಗಲಿನಿಂದ ಹಿಂದಕ್ಕೆ ಜೋತುಬಿದ್ದು ತಾನೇ ತಲೆಕೆಳಗಾಗಿ, ಗೋಪುರವನ್ನು ನೆಟ್ಟಗೆ ಮಾಡಿಕೊಂಡು ನೋಡಿತು! ಕಂಬಕ್ಕೆ ಒರಗಿ ಉಸಿರು ಬಿಗಿಹಿಡಿದು ತೆಗೆದೆ. ಎಫ್/1.8, ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 3200, ಶಟರ್ ತೆರೆದಿದ್ದದ್ದು 1/40 ಸೆಕೆಂಡ್. ಕಿಟ್ ಲೆನ್ಸ್ ಆಗಿದ್ದರೆ ಶಟರ್ 1/4 ಸೆಕೆಂಡಿಗೆ ಇಳಿಯುತ್ತಿತ್ತು, ಮಗು ಬರೀ ಮಸುಕು ಮಸುಕಾಗಿ ಬರುತ್ತಿತ್ತು. ಅಷ್ಟು ಕತ್ತಲೆಯಲ್ಲಿ ಫೋಕಸ್ ಮಾಡಲು ಚೌಕಟ್ಟಿನ ಅಂಚಿನ ಫೋಕಸ್ ಪಾಯಿಂಟ್ ನಂಬಬಾರದು. ನಡುವಿನ ಪಾಯಿಂಟ್‌ನಿಂದ ಅಪ್ಪನ ಅಂಗಿಯ ಅಂಚಿಗೆ ಫೋಕಸ್ ಹಿಡಿದಿದ್ದೆ. ಐಎಸ್‌ಒ ಜಾಸ್ತಿ ಇಟ್ಟಿದ್ದಕ್ಕೆ ಪ್ರಿಂಟ್‌ನಲ್ಲಿ ಸ್ವಲ್ಪ ಕಾಳು ಕಾಳು ಕಾಣುತ್ತದೆ. ಕಾಣಲಿ.

ನೋಡಿಕೊಳ್ಳುವ ವಿಷಯದಲ್ಲಿ ತಪ್ಪಿದ್ದು ನಾನು. 2020ರ ಮಳೆಗಾಲ ಪೂರ್ತಿ ಲೆನ್ಸ್ ತೀರ್ಥಹಳ್ಳಿಯ ನಮ್ಮ ಅಜ್ಜನ ಮನೆಯಲ್ಲಿ ಚರ್ಮದ ಚೀಲದೊಳಗೆ ಕಪಾಟಿನಲ್ಲಿತ್ತು. ಅಕ್ಟೋಬರ್‌ನಲ್ಲಿ ತೆಗೆದು ನೋಡಿದರೆ ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಎಳೆಗಳು. ಫಂಗಸ್. ಪೇಟೆಯ ಒಂದು ಅಂಗಡಿಯಲ್ಲಿ ಬಿಚ್ಚಿ ತೊಳೆಸಿದೆ, ಹೊಸದರ ಬೆಲೆಯ ಕಾಲು ಭಾಗ ಖರ್ಚಾಯಿತು. ತೇವ, ಕತ್ತಲೆ, ಗಾಳಿಯಾಡದ ಚೀಲ ಮೂರೂ ಸೇರಿದರೆ ಯಾವ ಲೆನ್ಸಿಗೂ ಇದೇ ಗತಿ. ಈಗ ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಬಣ್ಣ ಬದಲಾಗುವ ಜೆಲ್ ತಗೊಳ್ಳಿ, ತೇವ ಕುಡಿದದ್ದು ಗೊತ್ತಾಗುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ಬಳಸಬಹುದು, ಆ ಬಾಣಲೆಯನ್ನು ಮಾತ್ರ ಅಡುಗೆಗೆ ಬಳಸಬೇಡಿ. ಮಳೆಯಲ್ಲಿ ಸುಮ್ಮನೆ ಇಡುವುದಕ್ಕಿಂತ ವಾರಕ್ಕೊಮ್ಮೆ ಹೊರಗೆ ತೆಗೆದು ಬಳಸುವುದು ಇನ್ನೂ ಒಳ್ಳೆಯದು.

ಫೋಕಸ್ ಮಾಡುವಾಗ ಒಳಗಿನ ಕೊಳವೆ ಸ್ವಲ್ಪ ಮುಂದೆ ಬರುತ್ತದೆ, ಅದಕ್ಕೆ ಪೆಟ್ಟು ತಗುಲದಂತೆ ನೋಡಿಕೊಳ್ಳಿ. ಪಕ್ಕದ ಬೆಳಕು ತಡೆಯುವ ಮರೆ, ಅಂದರೆ ಹುಡ್, ಪೆಟ್ಟಿಗೆಯಲ್ಲಿ ಬರುವುದಿಲ್ಲ, ಬೇರೆ ತಗೊಳ್ಳಬೇಕು. ಫಿಲ್ಟರ್ ಅಳತೆ 49 ಎಂಎಂ. ಫೋಕಸ್ ರಿಂಗ್ ತಿರುಗಿಸಿದರೆ ಮೋಟಾರ್ ಮೂಲಕವೇ ಕೆಲಸ ಮಾಡುತ್ತದೆ, ಹಾಗಾಗಿ ಕ್ಯಾಮೆರಾ ಆಫ್ ಇದ್ದಾಗ ತಿರುಗಿಸಿ ಉಪಯೋಗವಿಲ್ಲ.

2023ರಲ್ಲಿ ಮಿರರ್‌ಲೆಸ್‌ಗೆ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾಕ್ಕೆ), ಕ್ಯಾನನ್ ಆರ್10ಗೆ ಬದಲಾದೆ. ಲೆನ್ಸ್‌ಗೂ ಕ್ಯಾಮೆರಾಕ್ಕೂ ನಡುವೆ ಅಡಾಪ್ಟರ್ ಹಾಕಿದರೆ ಹಳೆಯ ಲೆನ್ಸ್ ಸಲೀಸಾಗಿ ನಡೆಯುತ್ತದೆ. ಕ್ಯಾಮೆರಾ ತಾನೇ ಕಣ್ಣು ಹುಡುಕಿ ಫೋಕಸ್ ಮಾಡುವುದರಿಂದ 1.8ರಲ್ಲೂ ಕೈತಪ್ಪುವುದು ಕಡಿಮೆಯಾಗಿದೆ. ಮಾತಾಡುತ್ತಾ ಇರುವವರ ಫೋಟೋ ತೆಗೆಯುವಾಗ ಇದು ದೊಡ್ಡ ವರ. ಅಡಾಪ್ಟರ್ 110 ಗ್ರಾಂ, ಒಟ್ಟು ಉದ್ದವೂ ಜಾಸ್ತಿಯಾಗುತ್ತದೆ. ನೇರವಾಗಿ ಆರ್ ಸರಣಿಯ ಕ್ಯಾಮೆರಾ ಇರುವವರು 2020ರಲ್ಲಿ ಬಂದ ಆರ್‌ಎಫ್ 50 ಎಂಎಂ ಎಫ್/1.8 ತಗೊಳ್ಳುವುದೇ ಸರಿ. ಅದರ ತೂಕವೂ 160 ಗ್ರಾಂ, ಹತ್ತಿರದ ಫೋಕಸ್ 30 ಸೆಂಟಿಮೀಟರ್.

1300ಡಿಯಂಥ ಹಳೆಯ ಕ್ಯಾನನ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇರುವವರು ಇದನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದು. ತಗೊಳ್ಳುವ ಮೊದಲು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ, ಎಳೆ ಎಳೆಯಾಗಿ ಏನಾದರೂ ಕಂಡರೆ ಬೇಡ. ಕ್ಯಾಮೆರಾಕ್ಕೆ ಹಾಕಿ ಹತ್ತಿರದಿಂದ ದೂರಕ್ಕೆ, ದೂರದಿಂದ ಹತ್ತಿರಕ್ಕೆ ನಾಲ್ಕು ಸಲ ಫೋಕಸ್ ಮಾಡಿ ನೋಡಿ. ಕೊಳವೆ ತಡವರಿಸದೆ ಓಡಾಡಬೇಕು. ಜೊತೆಗೆ ಒಂದು ನೋಟ್‌ಬುಕ್ ತಗೊಳ್ಳಿ, ಬ್ಯಾಗ್‌ನ ಹೊರಗಿನ ಜೇಬಿಗೆ ಹಿಡಿಸುವಂಥದ್ದು.